ಮಾತ್ರೆ ಕೊಡುವ ದಿನ ಆಡಬೇಕಾದ ಮಾತು

ಕುಷ್ಠರೋಗದ ಕೆಲಸಕ್ಕೆ ಬರುವ ಹೊಸಬರಿಗೆ ಚರ್ಮದ ಮೇಲಿನ ಮಚ್ಚೆ ಹುಡುಕುವುದೇ ದೊಡ್ಡ ಕೆಲಸ ಅನಿಸುತ್ತದೆ. ಕಷ್ಟ ಹೌದು. ಆ ಮಚ್ಚೆ ನೋಯುವುದಿಲ್ಲ, ತುರಿಸುವುದಿಲ್ಲ. ರೋಗಿಗಳು ತಾವಾಗಿ ಯಾಕೆ ಬರುತ್ತಾರೆ ಹೇಳಿ? ಆದರೆ ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ತಿರುಗಾಡಿ ನಾನು ಕಲಿತದ್ದು ಇನ್ನೊಂದಿದೆ. ಮೊದಲ ಮಾತ್ರೆ ಪಟ್ಟಿ ಕೈಗಿಡುವ ದಿನ ಅವಸರ ಮಾಡಬಾರದು.

ಆ ಪಟ್ಟಿಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧಿ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ. ಮೊದಲೇ ಹೇಳದಿದ್ದರೆ ರಕ್ತ ಹೋಗ್ತಿದೆ ಅಂತ ಹೆದರಿಬಿಡುತ್ತಾರೆ. ಇನ್ನೊಂದು ಔಷಧಿ ಕ್ಲೋಫಜಿಮೈನ್‌ನಿಂದ ಮೈಬಣ್ಣ ಕಪ್ಪಾಗುತ್ತದೆ. ಮದುವೆ ವಯಸ್ಸಿನ ಹುಡುಗಿಗೆ ಇದು ಸಣ್ಣ ವಿಷಯ ಅಲ್ಲ. ಮಾತ್ರೆ ಮುಗಿದ ಮೇಲೆ ಬಣ್ಣ ನಿಧಾನಕ್ಕೆ ತಿಳಿಯಾಗುತ್ತದೆ ಅಂದರೆ ತಾಳಿಕೊಳ್ಳುತ್ತಾಳೆ.

ಎಲ್ಲಕ್ಕಿಂತ ಮುಖ್ಯ, ರಿಯಾಕ್ಷನ್. ಚಿಕಿತ್ಸೆಯ ನಡುವೆ ಇದ್ದಕ್ಕಿದ್ದಂತೆ ಮಚ್ಚೆ ಕೆಂಪಾಗಿ ಊದಬಹುದು, ನರ ನೋಯಬಹುದು. ಸತ್ತ ರೋಗಾಣುಗಳ ಮೇಲೂ ದೇಹ ಕೆರಳುತ್ತದೆ. ಮನೆಯವರು ಮಾತ್ರೆಯನ್ನೇ ದೂರುತ್ತಾರೆ, ನಿಲ್ಲಿಸಿಬಿಡುತ್ತಾರೆ.

ಹತ್ತಿ ಬಿಡಿಸುವ ಕೂಲಿಗೆ ಹೋಗುವ ಹೆಂಗಸೊಬ್ಬರು ಮೊಣಕೈ ನೋವು ಅಂತ ಬಂದರು. 'ನೋವು ಬಂದರೆ ಕಾಯಬೇಡಿ' ಅಂತ ಹೇಳಿದ್ದು ಅವರಿಗೆ ನೆನಪಿತ್ತು. ಮೊಣಕೈಯ ಒಳಬದಿಯ ನರ ಹುರಿಯಂತೆ ದಪ್ಪಗಾಗಿತ್ತು. ಬೆರಳು ತಾಗಿಸಿದ್ದೇ ತಡ, ಕೈ ಎಳೆದುಕೊಂಡರು. ಕಿರುಬೆರಳು, ಉಂಗುರದ ಬೆರಳಿನ ನಡುವೆ ಕಾಗದ ಹಿಡಿಸಿದೆ. ನಾನು ಮೆಲ್ಲಗೆ ಎಳೆದರೂ ಜಾರಿತು, ಬೆರಳಿನ ಬಲ ಕುಂದಿತ್ತು. ಡಾಕ್ಟರು ಅವತ್ತೇ ನರದ ಊತ ಇಳಿಸುವ ಪ್ರೆಡ್ನಿಸೊಲೋನ್ ಮಾತ್ರೆ ಶುರು ಮಾಡಿದರು, ಎಂಡಿಟಿಯನ್ನೂ (ಕುಷ್ಠಕ್ಕೆ ಕೊಡುವ ಹಲವು ಔಷಧಿಗಳ ಚಿಕಿತ್ಸೆ) ಮುಂದುವರಿಸಿದರು. ಕೆಲವು ತಿಂಗಳಲ್ಲಿ ಅದೇ ಬೆರಳುಗಳು ಕಾಗದ ಬಿಡಲಿಲ್ಲ. ಅಷ್ಟು ಬೇಗ ಬರದ ಎಷ್ಟೋ ಜನರ ಬೆರಳು ಮಡಚಿಯೇ ಉಳಿದಿವೆ.

ನನಗೆ ಸಂಕಟ ಆಗುವುದು ರಿಜಿಸ್ಟರ್ ನೋಡಿದಾಗ. ಆರು ತಿಂಗಳೋ ಒಂದು ವರ್ಷವೋ ಮಾತ್ರೆ ಮುಗಿದರೆ ಹೆಸರು ತೆಗೆಯುತ್ತಾರೆ. ರಿಯಾಕ್ಷನ್ ಅದಾದ ಮೇಲೂ ಬರಬಹುದು ಅಲ್ವಾ? 2005ರಲ್ಲಿ ದೇಶ, 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಗುರಿ ಮುಟ್ಟಿತು. ಕುಷ್ಠ ಹೋಯ್ತು ಅಂತಲೇ ಜನ ತಿಳಿದರು. ಈಗಲೂ ಪ್ರಪಂಚದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ದೇಶದವರೇ.

ಹಾಗಾಗಿ ಮಾತ್ರೆ ಮುಗಿದವರ ಪಟ್ಟಿಯನ್ನು ನಾನು ಆಶಾ ಕಾರ್ಯಕರ್ತೆಯರಿಗೆ ಕೊಟ್ಟಿರುತ್ತೇನೆ. ಕಾಗದ ಹಿಡಿಸಿ ನೋಡುವುದನ್ನೂ ಕಲಿಸಿದ್ದೇನೆ. ಒಂದು ಕಾಗದದ ಚೂರು ಸಾಕು, ಬೇರೆ ಸಲಕರಣೆ ಬೇಡ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದನ್ನು ಶುರು ಮಾಡಿ.