ಪುಟ್ಟ ಮಗುವಿನೊಂದಿಗೆ ಫ್ರಾನ್ಸ್: ರೈಲೋ, ಕಾರೋ?

ಬೇಸಿಗೆ ರಜೆ ಹತ್ತಿರವಾದಂತೆ ಬೆಂಗಳೂರು, ಮೈಸೂರಿನ ನೆಂಟರೂ ಗೆಳೆಯರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಎರಡು ವರ್ಷದ ಮಗುವನ್ನು ಕರೆದುಕೊಂಡು ಫ್ರಾನ್ಸಿಗೆ ಬರುತ್ತಿದ್ದೇವೆ. ರೈಲಿನಲ್ಲಿ ಸುತ್ತಬೇಕೋ, ಕಾರು ಬಾಡಿಗೆಗೆ ಪಡೆಯಬೇಕೋ?" ಲಿಯೋನ್ ನಗರದಲ್ಲಿ ಮಗುವನ್ನು ಬೆಳೆಸುತ್ತಿರುವ ನಾನು ಕೊಡುವ ಉತ್ತರ ಇದು: ದೂರಕ್ಕೆ ರೈಲು, ಹತ್ತಿರಕ್ಕೆ ಕಾರು. ಎರಡೂ ಬೇಕು, ಆದರೆ ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಬಾರದು.

ಪ್ಯಾರಿಸ್ಸಿನಿಂದ ದಕ್ಷಿಣದ ಅವಿನ್ಯೋನ್ ಊರಿಗೆ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್. ಎಲ್ಲಿಯೂ ನಿಲ್ಲದೆ ಹೋದರೂ ಆರೂವರೆ ಗಂಟೆ ಬೇಕು, ಮಗು ಇದ್ದರೆ ಇಡೀ ದಿನವೇ ಹೋಗುತ್ತದೆ. ಟಿಜಿವಿ ಎಂಬ ಅತಿವೇಗದ ರೈಲು ಅದೇ ದೂರವನ್ನು ಎರಡೂಮುಕ್ಕಾಲು ಗಂಟೆಯೊಳಗೆ ಮುಗಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ರೈಲಿನಲ್ಲಿ ಮಗು ಎದ್ದು ನಿಲ್ಲಬಹುದು, ನಡೆದಾಡಬಹುದು. ಕಾರಿನ ಸೀಟಿಗೆ ಬೆಲ್ಟ್ ಬಿಗಿದು ಕೂರಿಸಿದ ಎರಡು ವರ್ಷದ ಮಗು ಎರಡನೆಯ ಗಂಟೆಯಲ್ಲಿ ಹೇಗಿರುತ್ತದೆ ಎಂಬುದನ್ನು ಹೆತ್ತವರಿಗೆ ನಾನು ಹೇಳಬೇಕಾಗಿಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅನುಕೂಲವಿದೆ. ಪ್ಯಾರಿಸ್ಸಿನ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿಯೇ ಟಿಜಿವಿ ನಿಲ್ದಾಣವಿದೆ. ಅಲ್ಲಿಂದ ಲಿಯೋನ್, ಅವಿನ್ಯೋನ್, ಮಾರ್ಸೇಗಳಿಗೆ ನೇರ ರೈಲುಗಳು ಹೊರಡುತ್ತವೆ. ಪ್ಯಾರಿಸ್ ನಗರದೊಳಗೆ ಹೋಗಿ, ಲಿಫ್ಟ್ ಇಲ್ಲದ ಮೆಟ್ರೋ ನಿಲ್ದಾಣಗಳ ಮೆಟ್ಟಿಲುಗಳಲ್ಲಿ ತಳ್ಳುಗಾಡಿ, ಸೂಟ್‌ಕೇಸ್, ಮಗು ಮೂರನ್ನೂ ಹೊತ್ತು, ದಕ್ಷಿಣದ ರೈಲುಗಳು ಹೊರಡುವ ಗಾರ್ ದ ಲಿಯೋನ್ ನಿಲ್ದಾಣ ತಲುಪುವ ಪಾಡು ತಪ್ಪುತ್ತದೆ. ವಿಮಾನ ತಡವಾಗಬಹುದಾದ್ದರಿಂದ ನಡುವೆ ಮೂರು ಗಂಟೆಯಾದರೂ ಬಿಡುವಿಟ್ಟು ಟಿಕೆಟ್ ತೆಗೆಯಿರಿ. ಪ್ಯಾರಿಸ್ಸನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ. ಆಗ ಓಡಾಟಕ್ಕೆ ಮೆಟ್ರೋಗಿಂತ ಬಸ್ಸುಗಳನ್ನೇ ನೆಚ್ಚಿಕೊಳ್ಳಿ. ಮೆಟ್ರೋ ಬೇಕೇ ಬೇಕೆಂದರೆ 14ನೆಯ ಮಾರ್ಗದ ನಿಲ್ದಾಣಗಳಲ್ಲಿ ಲಿಫ್ಟ್ ಇದೆ.

ಟಿಕೆಟ್ ವಿಚಾರ. ನಾಲ್ಕು ವರ್ಷದೊಳಗಿನ ಮಗು ಮಡಿಲಲ್ಲಿ ಕೂತರೆ ಟಿಜಿವಿಯಲ್ಲಿ ಹಣ ಕೊಡಬೇಕಾಗಿಲ್ಲ. ಆದರೆ ಒಂಬತ್ತು ಯೂರೋಗಳ ಆಸುಪಾಸಿನಲ್ಲಿ ಮಗುವಿಗೆ ಪ್ರತ್ಯೇಕ ಸೀಟು ಸಿಗುತ್ತದೆ. ಅದನ್ನು 'ಫೋರ್ಫೆ ಬಾಂಬ್ಯಾಂ' ಎನ್ನುತ್ತಾರೆ. ಆ ದುಡ್ಡನ್ನು ಉಳಿಸಲು ಹೋಗಬೇಡಿ. ಮಗು ಮಲಗಲು ಜಾಗ ಸಿಗುತ್ತದೆ, ನಿಮ್ಮ ತೋಳಿಗೂ ವಿಶ್ರಾಂತಿ. ಈ ರೈಲುಗಳಲ್ಲಿ ಹಲವು ಎರಡು ಅಂತಸ್ತಿನವು. ಸೀಟು ಆರಿಸುವಾಗ ಕೆಳ ಅಂತಸ್ತನ್ನೇ ಆರಿಸಿಕೊಳ್ಳಿ. ಮೆಟ್ಟಿಲು ಹತ್ತುವುದು ತಪ್ಪುತ್ತದೆ ಎಂಬುದು ಒಂದು ಕಾರಣ. ಒಂದು ಬೋಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ಮೇಲಂತಸ್ತಿನಲ್ಲಿರುವುದು ಇನ್ನೊಂದು ಕಾರಣ. ಹಾದುಹೋಗುವವರ ಕಾಟವಿಲ್ಲದ ಕೆಳಗಿನ ನಡುಹಾದಿಯಲ್ಲಿ ಮಗು ಅತ್ತಿತ್ತ ಹೆಜ್ಜೆ ಹಾಕಬಹುದು. ಪ್ಲಾಟ್‌ಫಾರ್ಮ್ ಸಂಖ್ಯೆ ಸಾಮಾನ್ಯವಾಗಿ ಹೊರಡುವ ಇಪ್ಪತ್ತು ನಿಮಿಷ ಮೊದಲು ಬೋರ್ಡಿನಲ್ಲಿ ಬರುತ್ತದೆ, ಬಾಗಿಲುಗಳು ಎರಡು ನಿಮಿಷ ಮೊದಲೇ ಮುಚ್ಚುತ್ತವೆ. ಆದ್ದರಿಂದ ಡಯಾಪರ್ ಬದಲಿಸುವ ಕೆಲಸ ಸಂಖ್ಯೆ ಬರುವುದಕ್ಕೆ ಮುಂಚೆಯೇ ಮುಗಿದಿರಲಿ.

ಕಾರು ಬೇಕಾಗುವುದು ಇಳಿದ ಮೇಲೆ. ಅವಿನ್ಯೋನ್ ಟಿಜಿವಿ ನಿಲ್ದಾಣ ಊರಿನಿಂದ ಹೊರಗಿದೆ, ಬಾಡಿಗೆ ಕಾರಿನ ಕಚೇರಿಗಳು ಅಲ್ಲಿಯೇ ಇವೆ. ಕೀಲಿ ಪಡೆದರೆ ನಗರದ ಇಕ್ಕಟ್ಟಿನ ಬೀದಿಗಳನ್ನು ಹೊಗದೆ ನೇರವಾಗಿ ಹಳ್ಳಿಗಾಡಿನ ರಸ್ತೆ ಹಿಡಿಯಬಹುದು. ಎಡಗಡೆ ಚಲಿಸಿ ರೂಢಿಯಾದ ನಮಗೆ ಬಲಗಡೆಯ ಚಾಲನೆಗೆ ಹೊಂದಿಕೊಳ್ಳಲು ಇದಕ್ಕಿಂತ ಒಳ್ಳೆಯ ಆರಂಭ ಸಿಗದು. ಆಟೋಮ್ಯಾಟಿಕ್ ಗೇರಿನ ಕಾರು ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಬೇಕು, ಇಲ್ಲದಿದ್ದರೆ ಕೈಗೇರಿನದೇ ಸಿಗುವ ಸಂಭವ ಹೆಚ್ಚು. ನಿಮ್ಮ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು, ಮೂಲ ಲೈಸೆನ್ಸ್ ಜೊತೆಗೆ ತನ್ನಿ. ಠೇವಣಿಗೆ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುವುದು ವಾಡಿಕೆ. ಸಣ್ಣ ಊರುಗಳ ಬಾಡಿಗೆ ಕಚೇರಿಗಳು ಮಧ್ಯಾಹ್ನದ ಊಟದ ಹೊತ್ತಿಗೂ ಭಾನುವಾರವೂ ಮುಚ್ಚಿರಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ: ಮಗುವಿನ ಕಾರ್ ಸೀಟು. ನಮ್ಮಲ್ಲಿ ಮಗುವನ್ನು ಅಮ್ಮನೋ ಅಜ್ಜಿಯೋ ಮಡಿಲಲ್ಲಿ ಕೂರಿಸಿಕೊಂಡು ಹೊರಡುವುದು ಇನ್ನೂ ಸಾಮಾನ್ಯ. ಫ್ರಾನ್ಸಿನಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿಗೆ ಅವರ ಮೈಕಟ್ಟಿಗೆ ತಕ್ಕ ಸೀಟು ಕಡ್ಡಾಯ, ತಪ್ಪಿದರೆ ದಂಡ 135 ಯೂರೋ. ದಂಡದ ಮಾತು ಹಾಗಿರಲಿ, ಹಳ್ಳಿ ರಸ್ತೆಯಲ್ಲಿ 80, ಹೆದ್ದಾರಿಯಲ್ಲಿ 130 ಕಿಲೋಮೀಟರ್ ವೇಗದಲ್ಲಿ ಓಡುವ ಗಾಡಿಯಲ್ಲಿ ಯಾವ ತೋಳೂ ಮಗುವನ್ನು ಹಿಡಿದಿಡಲಾರದು. ಬಾಡಿಗೆ ಸೀಟು ಸಿಗುತ್ತದೆ, ಆದರೆ ಅದನ್ನು ಸಾಮಾನ್ಯವಾಗಿ ನೀವೇ ಅಳವಡಿಸಬೇಕು. ಮಗುವಿಗೆ ಪರಿಚಿತವಾದ ನಿಮ್ಮದೇ ಸೀಟು ಯುರೋಪಿನ ಮಾನ್ಯತೆಯ ಚೀಟಿ ಹೊಂದಿದ್ದರೆ ಅದನ್ನೇ ತರುವುದು ಮೇಲು.

ರಸ್ತೆಯಲ್ಲಿ ಎಚ್ಚರಿಕೆ ಬೇಕಾದದ್ದು ಎರಡು ಕಡೆ. ಫಲಕಗಳಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಆ ರಸ್ತೆ ಎಷ್ಟೇ ಕಿರಿದಾಗಿದ್ದರೂ ಸರಿ. ಟೋಲ್ ಗೇಟಿನಲ್ಲಿ ಕೇವಲ 't' ಗುರುತಿರುವ ಸಾಲಿಗೆ ಹೋಗಬೇಡಿ. ಅದು ನಮ್ಮ ಫಾಸ್ಟ್ಯಾಗ್‌ನಂಥ ಉಪಕರಣ ಇರುವವರಿಗೆ. ನಾರ್ಮಂಡಿಯ ಎ13 ಹೆದ್ದಾರಿಯಲ್ಲಂತೂ ಗೇಟುಗಳೇ ಇಲ್ಲ, 72 ಗಂಟೆಗಳೊಳಗೆ ಆನ್‌ಲೈನಿನಲ್ಲಿ ಹಣ ಕಟ್ಟಬೇಕು.

ದಿನದ ಯೋಜನೆಯನ್ನು ಮಗುವಿನ ಮಧ್ಯಾಹ್ನದ ನಿದ್ದೆಗೆ ಹೊಂದಿಸಿ. ಒಂದೇ ಊರಿನಲ್ಲಿ ಅಡುಗೆಮನೆಯಿರುವ ಮನೆ ಹಿಡಿದು, ನಿದ್ದೆಯ ಅಳತೆಯ ದೂರಕ್ಕೆ ಮಾತ್ರ ಹೋಗಿಬನ್ನಿ. ಅವಿನ್ಯೋನ್‌ನಿಂದ ಪೋಂ ದ್ಯು ಗಾರ್ ಸುಮಾರು 25 ಕಿಲೋಮೀಟರ್. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರು ನೀರು ಹರಿಸಲು ಕಟ್ಟಿದ, 49 ಮೀಟರ್ ಎತ್ತರದ ಕಮಾನು ಸೇತುವೆ ಅದು. ದೊಡ್ಡವರು ಅದನ್ನು ನೋಡುತ್ತ ಮೈಮರೆಯಬಹುದು, ಮಗು ನದಿಯ ದಂಡೆಯ ಬೆಣಚುಕಲ್ಲುಗಳಲ್ಲಿ ಗಂಟೆಗಟ್ಟಲೆ ಆಡಬಹುದು. ರುಸಿಯೋನ್ ಊರಿನ ಕೆಂಪು, ಹಳದಿ ಕಾವಿಮಣ್ಣಿನ ದಿಬ್ಬಗಳಿಗೂ ಸುಮಾರು ಒಂದು ಗಂಟೆಯ ದಾರಿ.

ಅಡುಗೆಮನೆ ಏಕೆಂದರೆ, ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2ರವರೆಗೆ, ರಾತ್ರಿಯದು ಏಳರ ನಂತರ. ಬೇಸಿಗೆಯಲ್ಲಿ ಭಾರತಕ್ಕೂ ಫ್ರಾನ್ಸಿಗೂ ಮೂರೂವರೆ ಗಂಟೆಯ ಅಂತರವಿದೆ, ಮೊದಲ ದಿನಗಳಲ್ಲಿ ಮಗು ಸಂಜೆ ಆರಕ್ಕೇ ತೂಕಡಿಸುತ್ತದೆ. ಅಕ್ಕಿ, ಸಪ್ಪೆ ಮೊಸರು ಯಾವ ಸೂಪರ್‌ಮಾರ್ಕೆಟ್‌ನಲ್ಲಿಯೂ ಸಿಗುತ್ತವೆ. ಕೆನೆಭರಿತ ಹಾಲು ಕೆಂಪು ಮುಚ್ಚಳದ ಬಾಟಲಿಯಲ್ಲಿರುತ್ತದೆ. ಒಂದು ತಟ್ಟೆ ಮೊಸರನ್ನ ಸಿಕ್ಕರೆ ಮಗು ಹೊಸ ಊರಿಗೆ ಬೇಗ ಒಗ್ಗಿಕೊಳ್ಳುತ್ತದೆ ಎಂಬುದನ್ನು ನಮ್ಮ ಮನೆಗೆ ಬಂದ ಎಷ್ಟೋ ಮಕ್ಕಳಲ್ಲಿ ಕಂಡಿದ್ದೇನೆ.

ತಿಂಗಳು ಆರಿಸುವ ಅವಕಾಶವಿದ್ದರೆ ಸೆಪ್ಟೆಂಬರ್. ಆಗಸ್ಟಿನ ಶನಿವಾರಗಳಲ್ಲಿ ಹೆದ್ದಾರಿಗಳು ಕಿಕ್ಕಿರಿಯುತ್ತವೆ. ಬಿಸೋಂ ಫ್ಯುತೇ ಎಂಬ ಸರ್ಕಾರಿ ಸೇವೆ ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣಗಳಲ್ಲಿ ವಾಹನ ದಟ್ಟಣೆಯ ಮುನ್ಸೂಚನೆ ಕೊಡುತ್ತದೆ, ಕಪ್ಪು ದಿನ ಕಾರು ತೆಗೆಯಬೇಡಿ. ರೈಲು ಮುಷ್ಕರಗಳೂ ಇಲ್ಲಿ ಆಗಾಗ ಇರುತ್ತವೆ. ಯಾವ ರೈಲು ಓಡುತ್ತದೆ ಎಂಬುದು ಹಿಂದಿನ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ಆದ್ದರಿಂದ ಊರಿಗೆ ಮರಳುವ ವಿಮಾನ ಹತ್ತುವ ದಿನವೇ ದಕ್ಷಿಣದಿಂದ ರೈಲು ಹಿಡಿಯುವ ಯೋಚನೆ ಬೇಡ. ಒಂದೆರಡು ದಿನ ಮೊದಲೇ ಪ್ಯಾರಿಸ್ ಸೇರಿಕೊಂಡು, ಲುಕ್ಸಾಂಬೂರ್ ಉದ್ಯಾನದ ಆಟದ ಅಂಗಳದಲ್ಲಿ ಮಗುವನ್ನು ಮನಸಾರೆ ಆಡಲು ಬಿಡಿ.