ಶಸ್ತ್ರಚಿಕಿತ್ಸೆಯ ದತ್ತಾಂಶ: ಗುರುತು ಅಳಿಸುವಾಗ ಸಮಯ ತಪ್ಪಿದ್ದು

ಓಟಿ (ಆಪರೇಷನ್ ಥಿಯೇಟರ್) ಮಾನಿಟರುಗಳ ದತ್ತಾಂಶವನ್ನು ಹೊರಗಿನ ಸಂಶೋಧಕರಿಗೆ ಕೊಡುವಾಗ ಎಲ್ಲರ ಗಮನವೂ ಹೆಸರು, ಯುಎಚ್‌ಐಡಿ (ಆಸ್ಪತ್ರೆ ರೋಗಿಗೆ ಕೊಡುವ ಗುರುತಿನ ಸಂಖ್ಯೆ), ಫೋನ್ ನಂಬರ್ ಅಳಿಸುವುದರ ಮೇಲೆಯೇ ಇರುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕಿತ್ತು, 90 ದಾಟಿದವರ ವಯಸ್ಸನ್ನು ಒಂದೇ ಗುಂಪಿಗೆ ಸೇರಿಸಲಾಗಿತ್ತು, ಚೆಕ್‌ಲಿಸ್ಟ್ ಪೂರ್ತಿಯಾಗಿತ್ತು. ಆ ದಿನದ ಓಟಿ ಲಿಸ್ಟ್ ಕೈಯಲ್ಲಿದ್ದವರಿಗೆ ಗಂಟೆ ಮತ್ತು ಆಪರೇಷನ್ನಿನ ಹೆಸರಿನಿಂದಲೇ ರೋಗಿ ಯಾರೆಂದು ತಿಳಿದುಬಿಡುವುದರಿಂದ, ದಿನಾಂಕ ಮತ್ತು ಗಂಟೆಯನ್ನೂ ತೆಗೆದು ಎಲ್ಲವನ್ನೂ ಸೆಕೆಂಡುಗಳ ಲೆಕ್ಕಕ್ಕೆ ಇಳಿಸಲಾಗಿತ್ತು.

ಅಪ್‌ಲೋಡ್‌ಗೆ ಮುನ್ನ ಅರಿವಳಿಕೆ ವಿಭಾಗದ ಮೇಡಂ ಒಂದು ಕೇಸನ್ನು ತೆರೆದು ನೋಡಿದರು. "ಪ್ರೊಪೊಫಾಲ್ ಓಡಲು ಶುರುವಾಗಿ ಎಂಟು ನಿಮಿಷ ಆಗಿದೆ, ಬಿಐಎಸ್ ಇನ್ನೂ 97 ತೋರಿಸುತ್ತಿದೆ. ಈ ರೋಗಿ ಎಚ್ಚರವಾಗಿದ್ದಾರೆ, ಇದು ಆಗುವ ಮಾತಲ್ಲ" ಎಂದರು. ಪ್ರೊಪೊಫಾಲ್ ಪ್ರಜ್ಞೆ ತಪ್ಪಿಸುವ ಔಷಧ; ಬಿಐಎಸ್ ಎಂದರೆ ಮೆದುಳು ಎಷ್ಟು ಎಚ್ಚರವಾಗಿದೆ ಎಂದು ತೋರಿಸುವ ಅಂಕಿ. ಅರಿವಳಿಕೆ ಹಿಡಿದಾಗ ಆ ಅಂಕಿ ಸಾಮಾನ್ಯವಾಗಿ 40ರಿಂದ 60ರ ನಡುವೆ ಇರಬೇಕು. ಇನ್ನೊಂದು ಕೇಸಿನಲ್ಲಿ ರಕ್ತದೊತ್ತಡ ಕುಸಿಯುವ ಮೊದಲೇ, ಅದನ್ನು ಮೇಲೆತ್ತಲು ಕೊಡುವ ನಾರ್‌ಅಡ್ರಿನಲಿನ್ ಔಷಧದ ಪ್ರಮಾಣ ಏರಿತ್ತು. ಹುಡುಕಿದಾಗ ಕಾರಣ ಸಿಕ್ಕಿತು: ಸಮಯವನ್ನು ಸೆಕೆಂಡುಗಳಿಗೆ ಇಳಿಸುವ ಸ್ಕ್ರಿಪ್ಟು (ಪುಟ್ಟ ಪ್ರೋಗ್ರಾಂ) ಪ್ರತಿ ಫೈಲಿನ ಮೊದಲ ಸಾಲನ್ನೇ ಸೊನ್ನೆ ಎಂದು ಹಿಡಿದಿತ್ತು. ಮಾನಿಟರ್ ಫೈಲು ರೋಗಿಗೆ ಇಸಿಜಿ ಹಚ್ಚಿದಾಗ ಶುರುವಾಗುತ್ತದೆ, ಔಷಧ ಹರಿಸುವ ಪಂಪಿನ ಫೈಲು ಆಮೇಲೆ ಪಂಪ್ ಆನ್ ಮಾಡಿದಾಗ. ಹೀಗಾಗಿ ಔಷಧಗಳೆಲ್ಲ ನಿಜಕ್ಕಿಂತ ಮೊದಲೇ ಕೊಟ್ಟಂತೆ ಕಾಣುತ್ತಿದ್ದವು. ರಕ್ತದೊತ್ತಡ ಕುಸಿತವನ್ನು ಮುಂಚಿತವಾಗಿ ಹೇಳುವ ಕಂಪ್ಯೂಟರ್ ಮಾದರಿಯನ್ನು ಇದರ ಮೇಲೆ ಕಲಿಸಿದ್ದರೆ, ಅದು ಕಾರಣವನ್ನೂ ಪರಿಣಾಮವನ್ನೂ ಅದಲುಬದಲಾಗಿ ಕಲಿಯುತ್ತಿತ್ತು.

ಸರಿಪಡಿಸಲು ಮೂಲ ಫೈಲುಗಳು ಬೇಕೇ ಬೇಕು. ಆದರೆ ಗೋಪ್ಯತೆಯ ಹೆಸರಿನಲ್ಲಿ ಅವನ್ನು ಅದೇ ಸಂಜೆ ಆರಕ್ಕೆ ಅಳಿಸುವ ಆದೇಶ ಆಡಳಿತದಿಂದ ಆಗಲೇ ಹೊರಟಿತ್ತು. ಐಟಿ ಮುಖ್ಯಸ್ಥರು ಮೀಟಿಂಗಿನಲ್ಲಿದ್ದರು, ಅವರ ಸಹಿ ಇಲ್ಲದೆ ಅಳಿಸುವ ಜಾಬ್ ನಿಲ್ಲಿಸಲು ಆಪರೇಟರ್ ಒಪ್ಪಲಿಲ್ಲ, ಅವರು ಒಪ್ಪದಿದ್ದುದು ಸರಿಯೇ. ಮೇಡಂ ಮೀಟಿಂಗಿನ ಬಾಗಿಲು ತಟ್ಟಿ ಒಳಗೆ ಹೋದರು. ಸಹಿ ಬರುವವರೆಗೆ ನಾನು ಸರ್ವರ್ ಪರದೆಯ ಮೇಲಿನ ಗಡಿಯಾರವನ್ನೇ ನೋಡುತ್ತ ನಿಂತಿದ್ದೆ. ಅದರ ಪಕ್ಕದಲ್ಲಿ ಜಾಬಿನ ಸ್ಥಿತಿ 'ಸರದಿಯಲ್ಲಿದೆ' ಎಂದಷ್ಟೇ ಇತ್ತು. ಆರಕ್ಕೆ ಸ್ವಲ್ಪ ಮೊದಲು ಅದು 'ತಡೆಹಿಡಿದಿದೆ' ಎಂದಾಯಿತು.

ಮೂಲ ಫೈಲುಗಳಲ್ಲಿ ಇನ್ನೊಂದು ತೊಂದರೆ ಕಂಡಿತು. ಪಂಪುಗಳ ಗಡಿಯಾರಗಳೇ ಮಾನಿಟರಿಗಿಂತ ಹಿಂದೆ ಮುಂದೆ ಇದ್ದವು. ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಆಸ್ಪತ್ರೆ 6,388 ಶಸ್ತ್ರಚಿಕಿತ್ಸೆಗಳ ದತ್ತಾಂಶವನ್ನು ವೈಟಲ್‌ಡಿಬಿ ಎಂಬ ಹೆಸರಿನಲ್ಲಿ ಮುಕ್ತವಾಗಿ ಕೊಟ್ಟಿದೆ. ಅಲ್ಲಿ ಓಟಿಯ ಬೇರೆ ಬೇರೆ ಸಾಧನಗಳ ಸಂಕೇತಗಳನ್ನು ವೈಟಲ್ ರೆಕಾರ್ಡರ್ ಎಂಬ ತಂತ್ರಾಂಶ ಒಂದೇ ಸಮಯರೇಖೆಯಲ್ಲಿ ದಾಖಲಿಸಿಕೊಳ್ಳುತ್ತದೆ. ಅಂಥ ಏರ್ಪಾಡು ಇಲ್ಲದ ಕಡೆ ಮೊದಲು ಗಡಿಯಾರಗಳನ್ನು ಹೊಂದಿಸಬೇಕು, ಆಮೇಲೆ ಪ್ರತಿ ರೋಗಿಗೆ ಒಂದೇ ಸೊನ್ನೆಯನ್ನು ಎಲ್ಲ ಫೈಲುಗಳಿಗೂ ಹಾಕಬೇಕು, ಅರಿವಳಿಕೆ ವೈದ್ಯರು ಕೆಲವು ಕೇಸುಗಳನ್ನು ಕಣ್ಣಾರೆ ನೋಡಿ ಒಪ್ಪಬೇಕು, ಮೂಲವನ್ನು ಅಳಿಸುವ ಮಾತು ಅದಾದ ಮೇಲೆ.

ಸಾಧನಗಳನ್ನು, ಎಲ್ಲ ಗಡಿಯಾರಗಳಿಗೂ ಒಂದೇ ಸಮಯ ಕೊಡುವ ಟೈಮ್ ಸರ್ವರಿಗೆ ಜೋಡಿಸಬೇಕೆಂಬ ನಮ್ಮ ಬೇಡಿಕೆ ಇನ್ನೂ ಖರೀದಿ ವಿಭಾಗದ ಕಡತದಲ್ಲಿದೆ. ಅಲ್ಲಿಯವರೆಗೆ ಪ್ರತಿ ಕೇಸಿನ ಆರಂಭದಲ್ಲಿ ಓಟಿ ಟೆಕ್ನಿಷಿಯನ್ ಮಾನಿಟರಿನ ಸಮಯ ಮತ್ತು ಪಂಪಿನ ಸಮಯ ಎರಡನ್ನೂ ಅರಿವಳಿಕೆ ಹಾಳೆಯ ಮೇಲೆ ಬರೆದಿಡುತ್ತಾರೆ.