ಲಂಡನ್–ನ್ಯೂಯಾರ್ಕ್: ದೂರ ಒಂದೇ, ಹೊತ್ತು ಬೇರೆ

ಭಾನುವಾರ, 19 ಜನವರಿ 2025

ಅಕ್ಕ ಮುಂದಿನ ತಿಂಗಳು ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೊರಟಿದ್ದಾಳೆ. ಟಿಕೆಟ್ ನೋಡಿ ಬೆಳಿಗ್ಗೆ ಫೋನ್ ಮಾಡಿದ್ದಳು. "ಹೋಗೋಕೆ ಎಂಟು ಗಂಟೆ, ಬರೋಕೆ ಏಳು ಅಂತಿದೆ. ದಾರಿ ಅದೇ ತಾನೇ?" ಮಧ್ಯಾಹ್ನವಿಡೀ ಇದರಲ್ಲೇ ಖುಷಿಯಾಗಿ ಕಳೆಯಿತು.

ದೂರದ ಲೆಕ್ಕ ಬೇಗ ಮುಗಿಯಿತು. ಹೀಥ್ರೂದಿಂದ ಕೆನಡಿ ವಿಮಾನ ನಿಲ್ದಾಣಕ್ಕೆ ಸುಮಾರು 5,540 ಕಿ.ಮೀ. ಗ್ಲೋಬ್ ಎಳೆದುಕೊಂಡು ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಹಿಡಿದೆ. ಐರ್ಲೆಂಡ್ ದಾಟಿ, ಅಟ್ಲಾಂಟಿಕ್ ಮೇಲೆ ಹೋಗಿ, ನ್ಯೂಫೌಂಡ್‌ಲ್ಯಾಂಡ್ ಕಡೆಯಿಂದ ಕೆಳಗಿಳಿಯಿತು. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆ ಇದಕ್ಕಿಂತ ಎಷ್ಟೋ ಕೆಳಗೆ ಹೋಗುತ್ತದೆ. ನೋಡೋಕೆ ಅದೇ ನೇರ, ಹಾರೋಕೆ ಮಾತ್ರ ಸುತ್ತು.

ಹೊತ್ತಿನ ಕಥೆಯೇ ಬೇರೆ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಅದು ಕಾರಣ ಅಲ್ಲ, ಭೂಮಿಯ ಜೊತೆ ಗಾಳಿಯೂ ತಿರುಗುತ್ತಿರುತ್ತದಲ್ವಾ! ನಿಜವಾದ ಕಾರಣ ಜೆಟ್ ಸ್ಟ್ರೀಮ್. ವಿಮಾನಗಳು ಹಾರುವ ಎತ್ತರದಲ್ಲೇ, ಸುಮಾರು 9ರಿಂದ 12 ಕಿ.ಮೀ. ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿ ಅದು. ಚಳಿಗಾಲದಲ್ಲಿ ಉತ್ತರ ಧ್ರುವದ ಕಡೆಗೂ ಉಷ್ಣವಲಯಕ್ಕೂ ತಾಪದ ಅಂತರ ಜಾಸ್ತಿ, ಹಾಗಾಗಿ ಗಾಳಿಯ ಜೋರೂ ಜಾಸ್ತಿ. ನ್ಯೂಯಾರ್ಕ್‌ನಿಂದ ಬರುವಾಗ ಅದು ಬೆನ್ನಿಗೆ ಬೀಸುತ್ತದೆ, ಹೋಗುವಾಗ ಎದುರಿಗೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿಯ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆದರೂ ಶಬ್ದದ ವೇಗ ಮೀರಿರಲಿಲ್ಲ, ಯಾಕೆಂದರೆ ಸುತ್ತಲಿನ ಗಾಳಿಯೇ ಅದನ್ನು ಹೊತ್ತುಕೊಂಡು ಓಡುತ್ತಿತ್ತು. ಇದನ್ನು ಓದಿದಾಗೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಇನ್ನೊಂದು ಗೊಂದಲ ಗಡಿಯಾರದ್ದು. ರಾತ್ರಿ 8ಕ್ಕೆ ನ್ಯೂಯಾರ್ಕ್ ಬಿಟ್ಟು ಬೆಳಿಗ್ಗೆ 8ಕ್ಕೆ ಲಂಡನ್ ಅಂದರೆ ಹನ್ನೆರಡು ಗಂಟೆ ಅನಿಸುತ್ತದೆ. ಲಂಡನ್ ಗಡಿಯಾರ 5 ಗಂಟೆ ಮುಂದಿದೆ, ಅದನ್ನು ಕಳೆದರೆ ಏಳೇ ಗಂಟೆ. ಅದರಲ್ಲೂ ಎಲ್ಲವೂ ಹಾರಾಟವಲ್ಲ. ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವ ತನಕ ಲೆಕ್ಕ. ರನ್‌ವೇ ಸರದಿ, ಇಳಿಯುವ ಮುಂಚೆ ಮೇಲೆ ಸುತ್ತು ಹೊಡೆಯುವುದು, ಎಲ್ಲ ಸೇರಿದೆ.

ಹೋಗುವಾಗ ಕಳೆದುಕೊಂಡದ್ದು ಬರುವಾಗ ವಾಪಸ್ ಸಿಗುತ್ತಲ್ಲ ಅಂದಳು ಅಕ್ಕ. ಪೂರ್ತಿ ಸಿಗಲ್ಲ. ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿ 150 ಅಂತ ಇಟ್ಟುಕೊಂಡು ಹಾಳೆಯ ಮೇಲೆ ಮಾಡಿ ನೋಡಿದೆ. ಗಾಳಿ ಇಲ್ಲದಿದ್ದರೆ 6 ಗಂಟೆ 9 ನಿಮಿಷ. ಎದುರುಗಾಳಿಗೆ 7 ಗಂಟೆ 23 ನಿಮಿಷ, ಬೆನ್ನಗಾಳಿಗೆ 5 ಗಂಟೆ 17 ನಿಮಿಷ. ಹೋಗುವಾಗ 74 ನಿಮಿಷ ನಷ್ಟ, ಬರುವಾಗ ಬರೀ 52 ಲಾಭ. ನಿಧಾನವಾಗಿ ಹೋಗುವಾಗ ಆ ಎದುರುಗಾಳಿಯಲ್ಲೇ ಜಾಸ್ತಿ ಹೊತ್ತು ಇರಬೇಕಲ್ಲ, ಅದಕ್ಕೇ ಹೀಗೆ. ಹಾಳೆಯ ಫೋಟೋ ಅವಳಿಗೆ ಕಳಿಸಿದೆ.